ಬೀಗಿತ್ತಿಯವರ ಮಾತು, ನನ್ನ ಉಪಚಾರ

ಒಂದು ಕೆಲಸ ನನ್ನಿಂದ ಆಗಲಿಲ್ಲ. ಅದೇನೂ ಕಷ್ಟದ ಕೆಲಸವಲ್ಲ. ಅದಕ್ಕೆ ಓದು ಬೇಕಾಗಿರಲಿಲ್ಲ, ಮೈಬಲ ಬೇಕಾಗಿರಲಿಲ್ಲ, ಕಾಸೂ ಬೇಕಾಗಿರಲಿಲ್ಲ. ವಯಸ್ಸಾದ ಒಬ್ಬ ಹೆಂಗಸಿನ ಎದುರು ಕೂತು, ಒಂದು ಚಿತ್ರ ತೋರಿಸಿ, ಅವರು ಬಾಯಿ ಬಿಡುವವರೆಗೆ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಗೋಡೆಗೆ ಒರಗಿಸಿಟ್ಟ ಚಾಪೆ ಕೂಡ ಈ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡುತ್ತಿತ್ತು. ನನ್ನ ತಂಗಿ ಗಿರಿಜ ಚಾಪೆಯನ್ನು ನಂಬುವ ಬದಲು ಒಡಹುಟ್ಟಿದವನನ್ನು ನಂಬಿದಳು. ಈಗ ಆ ಹೆಂಗಸು ಇಲ್ಲ. ನಾನು ಇದ್ದೇನೆ, ನನ್ನ ಬಾಯಿಯೂ ಇದೆ.

ಸುಮ್ಮನಿರುವುದು ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನನಗೆ ಬಂದಿದ್ದರೂ ಮೈಸೂರಿನ ಹೋಟೆಲು ಅದನ್ನು ಉಳಿಸುತ್ತಿರಲಿಲ್ಲ. ಏಳನೇ ಕ್ಲಾಸಿನಲ್ಲಿ ನಾನು ಶಾಲೆಯನ್ನು ಬಿಟ್ಟೆನೋ, ಶಾಲೆಯೇ ನನ್ನನ್ನು ಬಿಟ್ಟಿತೋ, ಆ ವಿಷಯದಲ್ಲಿ ನಮ್ಮ ಮನೆಯಲ್ಲಿ ಒಮ್ಮತವಿರಲಿಲ್ಲ. ಅಂತೂ ಮೊದಲು ಲೋಟ ತೊಳೆದೆ, ಆಮೇಲೆ ಟೇಬಲ್ ಒರೆಸಿದೆ, ಕೊನೆಗೆ ಸಪ್ಲೈಯರ್ ಆದೆ. ಸಪ್ಲೈಯರ್‌ಗೆ ಮಾಲೀಕರು ಹೇಳಿಕೊಡುವ ಮೊದಲ ಪಾಠವೇ ಗಿರಾಕಿಯನ್ನು ಯೋಚನೆ ಮಾಡಲು ಬಿಡಬಾರದು ಎನ್ನುವುದು. ಯೋಚನೆ ಮಾಡುವ ಗಿರಾಕಿ ಕೊನೆಗೆ ಬರೀ ಒಂದು ಕಾಫಿ ಹೇಳಿ, ಅರ್ಧ ಗಂಟೆ ಪೇಪರ್ ಓದಿ, ಎದ್ದು ಹೋಗುತ್ತಾನೆ. ಅವನು ತಲೆ ಎತ್ತಿ ಚಾವಣಿ ನೋಡಿದ ಕೂಡಲೇ ನಾವು ಶುರು ಮಾಡಬೇಕು: ಇಡ್ಲಿ, ವಡೆ, ಪೂರಿ, ಸೆಟ್ ದೋಸೆ, ಖಾಲಿ ದೋಸೆ, ರವೆ ಇಡ್ಲಿ ಬಿಸಿ ಇದೆ ಸಾರ್, ತರಲಾ? ನೂರಕ್ಕೆ ತೊಂಬತ್ತು ಜನ ಕೊನೆಯಲ್ಲಿ ಕೇಳಿಸಿದ್ದನ್ನೇ ಹೇಳುತ್ತಾರೆ. ರವೆ ಇಡ್ಲಿ ಖರ್ಚಾಗುತ್ತದೆ. ಈ ವಿದ್ಯೆ ನನ್ನ ಮೂಳೆಗೆ ಇಳಿದುಬಿಟ್ಟಿದೆ. ಮದುವೆಗೆ ಹೆಣ್ಣು ನೋಡಲು ಹೋದಾಗ ವಿಮಲ ಹೆಸರು ಹೇಳಲು ಸ್ವಲ್ಪ ತಡಮಾಡಿದಳು. ನಾನು ಸಹಾಯಕ್ಕೆಂದು ನಾಲ್ಕಾರು ಹೆಸರು ಹೇಳಿದೆ. ಅವಳು ಅದನ್ನು ಇವತ್ತಿಗೂ ನೆನೆಸುತ್ತಾಳೆ, ಪ್ರೀತಿಯಿಂದ ಅಲ್ಲ.

ಗಿರಿಜ ನನಗಿಂತ ಬಹಳ ಚಿಕ್ಕವಳು. ಬುದ್ಧಿಯ ಪಾಲು ಹಂಚುವಾಗ ನಾನು ಎಲ್ಲೋ ಕಾಫಿ ಕೊಡಲು ಹೋಗಿದ್ದೆನೆಂದು ಕಾಣುತ್ತದೆ, ಎಲ್ಲವೂ ಅವಳಿಗೇ ಬಂತು. ಮಣ್ಣು, ನೀರು, ಪರಿಸರ ಎಂದು ಏನೇನೋ ಓದಿ ಅಮೆರಿಕದ ಆಸ್ಟಿನ್‌ನಲ್ಲಿ ಕಾಲೇಜಿನ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ನಮ್ಮನ್ನು ಸ್ಪಾನ್ಸರ್ ಮಾಡಿ ಇಲ್ಲಿಗೆ ಕರೆಸಿಕೊಂಡವಳೂ ಅವಳೇ. ನಾನು, ವಿಮಲ ಡಲ್ಲಾಸಿನ ಪಕ್ಕ ಕ್ಯಾರಲ್ಟನ್‌ನಲ್ಲಿದ್ದೇವೆ. ಒಂದು ಇಂಡಿಯನ್ ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ನಾನು ಚಪಾತಿ, ಹೋಳಿಗೆ ಮಾಡುತ್ತೇನೆ, ವಿಮಲ ಮುಂದೆ ಕೌಂಟರಿನಲ್ಲಿ ನಿಲ್ಲುತ್ತಾಳೆ. ಕಾರು ಓಡಿಸುವವಳೂ ಅವಳೇ. ನಾನು ಡ್ರೈವಿಂಗ್ ಟೆಸ್ಟಿಗೆ ಹೋದಾಗ ಪಕ್ಕದಲ್ಲಿ ಕೂತ ಆಫೀಸರ್ ಮೌನವಾಗಿದ್ದರು, ಪಾಪ ಬೇಜಾರಾಗಿರಬಹುದೆಂದು ಮಾತಾಡಿಸಿದೆ. ಕೆಂಪು ದೀಪ ಹಿಂದೆ ಉಳಿದುಹೋಯಿತು.

ಗಿರಿಜಳ ಗಂಡ ಪಾವ್ಲು ಯುರೋಪಿನ ಮಾಲ್ಟಾದವನು. ಮಾಲ್ಟಾದವನು ಎಂದರೆ ಅವನಿಗೆ ಸಮಾಧಾನವಿಲ್ಲ, ಅದರ ಪಕ್ಕದ ಗೋಜೊ ಎಂಬ ಇನ್ನೂ ಚಿಕ್ಕ ದ್ವೀಪದವನು. ಇಡೀ ದೇಶ ನಮ್ಮ ಒಂದು ತಾಲ್ಲೂಕಿನಷ್ಟಿಲ್ಲ, ಆದರೂ ಅದಕ್ಕೆ ಮಾಲ್ಟೀಸ್ ಎಂಬ ಸ್ವಂತ ಭಾಷೆಯಿದೆ. ಗಂಡ ಹೆಂಡತಿ ಇಬ್ಬರೂ ಸೇರಿ ಪರಿಸರಕ್ಕೆ ಸಂಬಂಧಪಟ್ಟ ಮಾತುಗಳನ್ನು ಮಾಲ್ಟೀಸಿನಲ್ಲೂ ಇಂಗ್ಲಿಷಿನಲ್ಲೂ ಅಕ್ಕಪಕ್ಕ ಇಟ್ಟು ಒಂದು ಪುಸ್ತಕ ಮಾಡುತ್ತಿದ್ದರು, ಅಲ್ಲಿನ ಶಾಲೆಯ ಮಕ್ಕಳಿಗಾಗಿ. ಇಂಥದ್ದಕ್ಕೂ ಪುಸ್ತಕ ಬೇಕೇ ಎಂದು ನಾನು ಕೇಳಿದ್ದೆ. ಗಿರಿಜ ಸಮಾಧಾನವಾಗಿ ಬಿಡಿಸಿ ಹೇಳಿದಳು. ಹೊಸ ಮಾತುಗಳಿಗೆ ತೊಂದರೆಯಿಲ್ಲವಂತೆ. ಹವಾಮಾನ ಬದಲಾವಣೆ, ಮಾಲಿನ್ಯ, ಜೀವವೈವಿಧ್ಯ, ಇಂಥವನ್ನು ಆಫೀಸಿನವರು ಇಂಗ್ಲಿಷಿನಿಂದ ಮಾಡಿ ಕಾಗದದಲ್ಲಿ ಇಟ್ಟಿರುತ್ತಾರೆ. ಹಳೆಯ ಮಾತುಗಳು ಮಾತ್ರ ಹೊಲದಲ್ಲಿ ಕೆಲಸ ಮಾಡಿದವರ ಬಾಯಲ್ಲೇ ಇರುತ್ತವೆ, ಅದರಲ್ಲೂ ಊರಿನಿಂದ ಊರಿಗೆ ಬೇರೆ. ಡಿಕ್ಷನರಿಯವರು ಎಲ್ಲ ಊರಿಗೂ ಹೋಗಿರುವುದಿಲ್ಲ. ಆ ಬಾಯಿಗಳಲ್ಲಿ ಒಂದು ಅವಳ ಮನೆಯಲ್ಲೇ ಇತ್ತು, ಅವಳ ಅತ್ತೆ ಕಾರ್ಮೆನಾ.

ಎಂಬತ್ತು ದಾಟಿದ, ಗುಬ್ಬಿಯಂಥ ಹೆಂಗಸು. ಬೆಳಗಾದರೆ ಕೈಯಲ್ಲಿ ಜಪಸರ, ಆಮೇಲೆ ಕಪ್ಪು ಕಾಫಿ. ಗಿರಿಜ ನನ್ನನ್ನು ಅಣ್ಣ ಎನ್ನುವುದನ್ನು ಕೇಳಿ ಅದೇ ನನ್ನ ಹೆಸರೆಂದು ತಿಳಿದು ಅವರೂ ನನ್ನನ್ನು ಅಣ್ಣ ಎಂದೇ ಕರೆಯುತ್ತಿದ್ದರು. ತಿದ್ದಲು ನನಗೆ ಮನಸ್ಸು ಬರಲಿಲ್ಲ. ನಮ್ಮಿಬ್ಬರ ಮಾತುಕತೆಯೆಲ್ಲ ಹರುಕುಮುರುಕು ಇಂಗ್ಲಿಷಿನಲ್ಲಿ. ಹೋದ ವರ್ಷ ಗಿರಿಜ, ಪಾವ್ಲು ಆಸ್ಟಿನ್ ಬಿಟ್ಟು ಹ್ಯೂಸ್ಟನ್ ಕಡೆ ಸೈಪ್ರೆಸ್‌ಗೆ ಶಿಫ್ಟ್ ಆಗುವಾಗ, ಪೆಟ್ಟಿಗೆ ಧೂಳಿನ ನಡುವೆ ಮುದುಕಿಗೆ ಕಷ್ಟವೆಂದು ಕೆಲವು ವಾರ ನಮ್ಮ ಮನೆಗೆ ತಂದು ಬಿಟ್ಟರು. ಜೊತೆಗೆ ಒಂದು ಕಟ್ಟು ಚಿತ್ರ ಕೊಟ್ಟು ಗಿರಿಜ ನನಗೆ ಕೆಲಸ ವಿವರಿಸಿದಳು. ದಿನಕ್ಕೆ ನಾಲ್ಕೈದು ಚಿತ್ರ ತೋರಿಸಬೇಕು, ನಿಮ್ಮೂರಲ್ಲಿ ಇದಕ್ಕೆ ಏನಂತೀರಿ ಎಂದು ಕೇಳಬೇಕು, ಫೋನಿನಲ್ಲಿ ರೆಕಾರ್ಡ್ ಒತ್ತಬೇಕು, ಹೇಳಿದ್ದನ್ನು ಚಿತ್ರದ ಹಿಂದೆ ಕನ್ನಡದಲ್ಲೇ ಬರೆದುಕೊಂಡರೂ ಸಾಕು.

"ಅಣ್ಣ, ಅವರಿಗೆ ನೆನಪು ಬರೋದು ನಿಧಾನ. ಬರುತ್ತೆ, ಆದ್ರೆ ನಿಧಾನ. ಎಷ್ಟು ಹೊತ್ತಾದ್ರೂ ನೀನು ಮಾತಾಡ್ಬೇಡ," ಎಂದಳು. ನಾನು ಅದಕ್ಕೇನಂತೆ ಎಂದೆ. ವಿಮಲ ಒಳಗಿನಿಂದ ಕೆಮ್ಮಿದಳು.

ಮೊದಮೊದಲು ಸಲೀಸಾಗಿಯೇ ಹೋಯಿತು. ಕೆಂಪು ಮಣ್ಣಿನ ಚಿತ್ರ ನೋಡಿದ ಕೂಡಲೇ ಬೀಗಿತ್ತಿ 'ಹಮ್ರಿಯ' ಎಂದರು, ಎರಡು ಬೆರಳು ಉಜ್ಜಿ ಮಣ್ಣನ್ನು ಪುಡಿ ಮಾಡಿ ತೋರಿಸಿದರು. ಕಸಕ್ಕೆ 'ಸ್ಕಾರ್ಟ್' ಅನ್ನುತ್ತಾರಂತೆ. ಗಾಳಿಯ ಚಿತ್ರ ಎಂದು ಗಿರಿಜ ಬಾಗಿದ ಮರವೊಂದನ್ನು ಇಟ್ಟಿದ್ದಳು. ಅದನ್ನು ನೋಡಿ ಅವರು ಯಾವ ಗಾಳಿ ಎಂದು ನನ್ನನ್ನೇ ಕೇಳಿದರು. ಅವರ ಊರಿನಲ್ಲಿ ದಿಕ್ಕಿಗೊಂದು ಗಾಳಿ, ಗಾಳಿಗೊಂದು ಹೆಸರು. 'ಶ್ಲೊಕ್' ಬೀಸಿದರೆ ಮನೆಯ ನೆಲವೆಲ್ಲ ಬೆವರುತ್ತದಂತೆ, ಒಗೆದ ಬಟ್ಟೆ ಒಣಗುವುದಿಲ್ಲವಂತೆ, ಗಂಡ ಹೆಂಡತಿ ಜಗಳವಾಡುತ್ತಾರಂತೆ. ಹಾಗಾದರೆ ನಮ್ಮ ಮನೆಗೆ ಅದು ವರ್ಷವಿಡೀ ಬೀಸುತ್ತದೆ ಎಂದು ವಿಮಲ ಹೇಳಿದ್ದನ್ನು ನಾನು ತರ್ಜುಮೆ ಮಾಡಲಿಲ್ಲ. ಗಿರಿಜಳ ಕಟ್ಟಿನಲ್ಲಿ ಚಿತ್ರವಿಲ್ಲದೆ ಬರೀ ಇಂಗ್ಲಿಷ್ ಮಾತಿದ್ದ ಕೆಲವು ಕಾರ್ಡುಗಳೂ ಇದ್ದವು. ಸಸ್ಟೇನಬಿಲಿಟಿ ಎಂಬುದನ್ನು ನಾನು ಕೂಡಿಸಿ ಓದುವಷ್ಟರಲ್ಲಿ ಅವರ ಕಾಫಿ ಮುಗಿಯಿತು. ಕೇಳಿ ಅವರು ಕೈ ಬೀಸಿದರು. ಅದು ಸರ್ಕಾರದ ಮಾತು, ಸರ್ಕಾರವನ್ನು ಕೇಳು ಎಂದರು.

ಅಂಥ ಮಾತು ಅವರಿಗೆ ಬೇಕೂ ಇರಲಿಲ್ಲ. ಒಂದು ಮಧ್ಯಾಹ್ನ ಕ್ಯಾರಲ್ಟನ್‌ನಲ್ಲಿ ಗುಡುಗು ಸಿಡಿಲಿನ ಮಳೆ ಬಂತು. ಮಾಡಿನ ನೀರು ಕೊಳವೆಯಿಂದ ಇಳಿದು ಹುಲ್ಲಿನ ಮೇಲೆ ಹರಿದು ರಸ್ತೆಯ ಚರಂಡಿ ಸೇರುವುದನ್ನು ಕಿಟಕಿಯಿಂದ ನೋಡಿ ಅವರ ಮುಖ ಹಾಲು ಉಕ್ಕಿಹೋಗುವುದನ್ನು ಕಂಡವರ ಹಾಗಾಯಿತು. ಅವರ ಊರಿನಲ್ಲಿ ತಾರಸಿಗೆ ಬಿದ್ದ ಮಳೆಯೆಲ್ಲ ಮನೆಯ ಕೆಳಗಿನ ಬಾವಿಗೆ ಇಳಿಯಬೇಕು, ಅದೇ ವರ್ಷದ ನೀರು. ನಾವು ತಡೆಯುವ ಮೊದಲೇ ವಿಮಲಳ ದೊಡ್ಡ ಬೋಸಿ, ಇಡ್ಲಿ ಪಾತ್ರೆ, ಸಂಕ್ರಾಂತಿಗೆ ಮಾತ್ರ ಇಳಿಸುವ ಹಿತ್ತಾಳೆ ಪಾತ್ರೆ, ಎಲ್ಲವೂ ಕೊಳವೆಯ ಕೆಳಗೆ ಸಾಲಾಗಿ ನಿಂತವು. ಪಕ್ಕದ ಮನೆಯವರು ಮಾರನೆಯ ದಿನ ನಿಮ್ಮ ಹಬ್ಬ ಚೆನ್ನಾಗಾಯಿತೇ ಎಂದು ಕೇಳಿದರು. ಚೆನ್ನಾಗಾಯಿತು ಎಂದೆ.

ಆಮೇಲೆ ಬಂತು ಆ ಚಿತ್ರ. ಒಂದು ಬಂಡೆ, ಅದರ ಸೀಳಿನಿಂದ ಹನಿಹನಿಯಾಗಿ ಒಸರುವ ನೀರು, ಕೆಳಗೆ ಪಾಚಿ. ನಾನು ಫೋನ್ ಒತ್ತಿ, ಕೇಳಬೇಕಾದ್ದು ಕೇಳಿ, ಸುಮ್ಮನೆ ಕೂತೆ. ಬೀಗಿತ್ತಿ ಚಿತ್ರವನ್ನು ಕಣ್ಣಿನ ಹತ್ತಿರ ತಂದರು. ಆಮೇಲೆ ಮಡಿಲಲ್ಲಿಟ್ಟು ಕಣ್ಣು ಮುಚ್ಚಿದರು. ತುಟಿ ಅಲುಗುತ್ತಿತ್ತು, ಮಾತು ಬರುತ್ತಿರಲಿಲ್ಲ. ಫ್ರಿಜ್ಜು ಗುಂಯ್‌ಗುಡುತ್ತಿತ್ತು. ನನಗೆ ಬೆನ್ನಿನಲ್ಲಿ ಇರುವೆ ಹರಿದಂತಾಯಿತು. ಇದರಲ್ಲಿ ಸಪ್ಲೈಯರ್‌ನ ಚಪಲ ಅರ್ಧ, ಇನ್ನರ್ಧ ಬೇರೆ. ಎದುರಿಗೆ ಕೂತವರು ಬೀಗಿತ್ತಿ, ತಂಗಿಯ ಅತ್ತೆ. ನಮ್ಮ ಕಡೆ ಬೀಗರಿಗೆ ನಮ್ಮ ಮನೆಯಲ್ಲಿ ಏನೂ ಕಡಿಮೆಯಾಗಬಾರದು. ಅವರ ಎಲೆಯಲ್ಲಿ ಪಲ್ಯ ಮುಗಿಯುವ ಮೊದಲೇ ಬಡಿಸಬೇಕು, ಅವರು ಕೇಳುವ ಹಾಗೆ ಮಾಡಬಾರದು. ಅಂಥವರಿಗೆ ಒಂದು ಮಾತು ಕಡಿಮೆ ಬಿದ್ದಿದೆ, ನಾನು ಕಲ್ಲಿನ ಹಾಗೆ ನೋಡುತ್ತಾ ಕೂತಿದ್ದೇನೆ. ಮರ್ಯಾದೆಯೇ ಇದು? ನನ್ನ ಬಾಯಿ ತಾನಾಗಿ ತೆರೆಯಿತು.

"ಟ್ಯಾಂಕ್ ಅಮ್ಮ? ಪಾಂಡ್? ರಿವರ್? ವೆಲ್?"

ಅವರು ಕಣ್ಣು ಬಿಟ್ಟರು. ದೂರದ ಊರಿನಿಂದ ನಡೆದು ಬರುತ್ತಿದ್ದವರನ್ನು ಅರ್ಧ ದಾರಿಯಲ್ಲಿ ಯಾರೋ ಕೂಗಿ ನಿಲ್ಲಿಸಿದಂತೆ ನೋಡಿದರು. ಆಮೇಲೆ ನಕ್ಕು, ಯೆಸ್ ಅಣ್ಣ, ವೆಲ್, ಎಂದರು. ಕೊನೆಯಲ್ಲಿ ಕೇಳಿಸಿದ್ದನ್ನೇ ಹೇಳಿದರು. ಬಾವಿಗೆ ಅವರ ಭಾಷೆಯಲ್ಲಿ 'ಬೀರ್' ಎನ್ನುತ್ತಾರೆ. ನಾನು ಚಿತ್ರದ ಹಿಂದೆ ಬೀರ್, ಅಂದರೆ ಬಾವಿ, ಎಂದು ಬರೆದು, ಸಮಾಧಾನವಾಗಿ ಅವರಿಗೆ ಕೋಡುಬಳೆ ತಂದುಕೊಟ್ಟೆ. ಬಂಡೆಯಿಂದ ಒಸರುವ ನೀರಿಗೆ ನನ್ನ ಸ್ವಂತ ಭಾಷೆಯಲ್ಲಿ ಒರತೆ ಎನ್ನುತ್ತಾರೆ ಎಂಬುದು ಕೂಡ ನನಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಹೊಳೆಯಬೇಕಾದರೆ ನಾನೂ ಒಂದು ಗಳಿಗೆ ಸುಮ್ಮನಿರಬೇಕಿತ್ತಲ್ಲ.

ಒಂದು ಸಲ ರುಚಿ ಹತ್ತಿದ ಮೇಲೆ ಕೆಲಸ ಸರಾಗವಾಯಿತು. ಮಳೆನೀರು ಹರಿದುಹೋಗಲು ಸಂದು ಬಿಟ್ಟು ಕಟ್ಟಿದ ಕಲ್ಲಿನ ಗೋಡೆಗೆ ವಾಲ್, ಬೇಸಿಗೆಯಲ್ಲಿ ಮಾತ್ರ ಒಣಗುವ ಹಳ್ಳಕ್ಕೆ ರಿವರ್. ನಾನು ಬಡಿಸುತ್ತಿದ್ದೆ, ಅವರು ದಾಕ್ಷಿಣ್ಯದ ಹೆಂಗಸು, ಬೇಡ ಎನ್ನುತ್ತಿರಲಿಲ್ಲ. ಬರಬರುತ್ತಾ ಚಿತ್ರ ನೋಡುವುದನ್ನು ಬಿಟ್ಟು ನನ್ನ ಬಾಯಿಯನ್ನೇ ನೋಡತೊಡಗಿದರು, ನಮ್ಮ ಮನೆಯ ಪದ್ಧತಿ ಹೀಗೇ ಇರಬೇಕೆಂದುಕೊಂಡಿರಬೇಕು. ಕಟ್ಟು ಬೇಗ ಮುಗಿಯಿತು. ಗಿರಿಜ ಬಂದು ಕಟ್ಟನ್ನು ಮೇಲಿಂದ ಮೇಲೆ ನೋಡಿ, ನಾನಾದರೆ ಇಷ್ಟು ಬೇಗ ಮಾಡುತ್ತಿರಲಿಲ್ಲ, ಅಣ್ಣನಿಗೆ ಜನರನ್ನು ಮಾತಾಡಿಸುವುದು ಗೊತ್ತು ಎಂದು ಹೊಗಳಿದಳು. ಓದಿದ ತಂಗಿಯಿಂದ ಓದಿನ ವಿಷಯದಲ್ಲಿ ಬಂದ ಮೊದಲ ಹೊಗಳಿಕೆ ಅದು. ನಾನು ಆ ವಾರವೆಲ್ಲ ಅಂಗಡಿಯಲ್ಲಿ ಹೋಳಿಗೆಗೆ ಹೂರಣ ಜಾಸ್ತಿ ತುಂಬಿದೆ.

ಚಳಿಗಾಲ ಕಳೆಯುವಷ್ಟರಲ್ಲಿ ಬೀಗಿತ್ತಿ ಸೈಪ್ರೆಸ್‌ನ ಹೊಸ ಮನೆಯಲ್ಲಿ, ಜಪಸರ ಕೈಯಲ್ಲಿರುವಂತೆಯೇ, ನಿದ್ದೆಯಲ್ಲಿ ತೀರಿಕೊಂಡರು. ಪಾವ್ಲು ಅವರನ್ನು ಗೋಜೊಗೆ ಕರೆದೊಯ್ದು ಅವರ ಗಂಡನ ಪಕ್ಕ ಮಣ್ಣು ಮಾಡಿ ಬಂದ. ಬಂದವನು ಕೆಲಸಕ್ಕೆ ಕೂತು ಚಿತ್ರಗಳ ಹಿಂದೆ ನಾನು ಬರೆದಿದ್ದನ್ನು ಗಿರಿಜಳಿಂದ ಓದಿಸಿದ. ಒಸರುವ ನೀರಿನ ಹಿಂದೆ ಬಾವಿ ಎಂದಿದ್ದುದು ಅವನಿಗೆ ವಿಚಿತ್ರವೆನಿಸಿತು. ಅದು ಅವರ ಹೊಲದ ಹಿಂದಿನ ಬಂಡೆಯ ಚಿತ್ರವೇ ಆಗಿತ್ತು, ಅವನೇ ತೆಗೆದದ್ದು. ಚಿಕ್ಕವನಿದ್ದಾಗ ಅಮ್ಮನ ಜೊತೆ ತಂಬಿಗೆ ಹಿಡಿದು ಅಲ್ಲಿಗೆ ಹೋಗುತ್ತಿದ್ದನಂತೆ. ಅಮ್ಮ ಅದಕ್ಕೊಂದು ಮಾತು ಹೇಳುತ್ತಿದ್ದರು. ಡಿಕ್ಷನರಿಯಲ್ಲಿರುವುದು ಅದಲ್ಲ, ಊರಿನಲ್ಲಿ ಈಗಿರುವವರಿಗೆ ಗೊತ್ತಿಲ್ಲ, ಅವನಿಗೂ ಮರೆತುಹೋಗಿದೆ. ಗಿರಿಜ ನನಗೆ ಫೋನ್ ಮಾಡಿ, ಅಣ್ಣ, ಆ ರೆಕಾರ್ಡಿಂಗ್ ಕಳಿಸು, ಪಾವ್ಲು ಕೇಳಬೇಕಂತೆ ಎಂದಳು.

ನನ್ನ ಎದೆಯಲ್ಲಿ ಲೋಟ ಬಿದ್ದ ಸದ್ದಾಯಿತು. ಅದರೊಳಗೆ ಏನಿದೆಯೆಂದು ನನಗೆ ಗೊತ್ತಿತ್ತು. ರೆಕಾರ್ಡ್ ಆಗೇ ಇಲ್ಲಮ್ಮ, ಗುಂಡಿ ಸರಿಯಾಗಿ ಒತ್ತಿಲ್ಲ ಅನ್ನಿಸುತ್ತೆ, ನನಗೆಲ್ಲಿ ಬರುತ್ತೆ ಇದೆಲ್ಲ, ಎಂದುಬಿಟ್ಟೆ. ಕಡಿಮೆ ಓದಿದವನಿಗೆ ಇದೊಂದು ಅನುಕೂಲ, ಪೆದ್ದನೆಂದು ಹೇಳಿಕೊಂಡರೆ ಜನ ತಕ್ಷಣ ನಂಬುತ್ತಾರೆ. ಗಿರಿಜಳೂ ನಂಬಿದಳು. ಹೋಗಲಿ ಬಿಡು ಅಣ್ಣ, ಎಂದು ಫೋನ್ ಇಟ್ಟಳು.

ಆಮೇಲೆ ನಾನು ಅಂಗಡಿಯ ಹಿಂದೆ, ಅಕ್ಕಿ ಮೂಟೆಗಳ ನಡುವೆ ಕೂತು ಆ ರೆಕಾರ್ಡಿಂಗ್ ಕೇಳಿದೆ. ಅವರು ಎಷ್ಟು ಹೊತ್ತು ಮಾತು ಹುಡುಕುತ್ತ ಕೂತಿದ್ದರೆಂದು ಅವತ್ತು ನಾನು ಅಂದುಕೊಂಡಿದ್ದೆನೋ ಅದರ ಕಾಲುಭಾಗವೂ ಇರಲಿಲ್ಲ. ಕುರ್ಚಿ ಕಿರುಗುಟ್ಟುತ್ತದೆ, ಅವರು ಉಸಿರೆಳೆದುಕೊಳ್ಳುತ್ತಾರೆ, ಗಂಟಲಿನಲ್ಲಿ ಏನೋ ಒಂದು ಶುರುವಾಗುತ್ತದೆ. ಸರಿಯಾಗಿ ಅದರ ಮೇಲೆ ನನ್ನ ಟ್ಯಾಂಕು ಬಂದು ಬೀಳುತ್ತದೆ. ಉಳಿದ ರೆಕಾರ್ಡಿಂಗುಗಳಲ್ಲೂ ಅಷ್ಟೇ. ಆ ಹೆಂಗಸಿನ ದನಿಗಿಂತ ನನ್ನದೇ ಜಾಸ್ತಿ. ನನ್ನ ದನಿ ಇಷ್ಟು ಕೆಟ್ಟದಾಗಿದೆಯೆಂದು ಇಷ್ಟು ವರ್ಷ ಯಾವ ಗಿರಾಕಿಯೂ ಹೇಳಿರಲಿಲ್ಲ.

ನಮ್ಮ ಮನೆತನದಲ್ಲಿ ಕ್ಷಮೆ ಕೇಳುವ ಪದ್ಧತಿಯಿಲ್ಲ, ತಿಂಡಿ ಕಳಿಸುವ ಪದ್ಧತಿಯಿದೆ. ಅಪ್ಪ ಅಮ್ಮನ ಜೊತೆ ಜಗಳವಾಡಿದರೆ ಸಂಜೆ ಮೈಸೂರು ಪಾಕ್ ಬರುತ್ತಿತ್ತು, ಅಮ್ಮ ಒಂದು ತುಂಡು ತಿಂದರೆ ಪ್ರಕರಣ ಮುಗಿಯಿತು. ನಾನೂ ಅದೇ ದಾರಿ ಹಿಡಿದೆ. ಸೈಪ್ರೆಸ್ ಕಡೆ ಹೋಗುವವರು ಯಾರು ಸಿಕ್ಕರೂ ಅವರ ಕೈಯಲ್ಲಿ ಚಕ್ಕುಲಿ, ಕೋಡುಬಳೆ, ರವೆ ಉಂಡೆ ಕಳಿಸಿದೆ. ಗಿರಿಜ ಥ್ಯಾಂಕ್ಸ್ ಅಣ್ಣ ಎಂದು ಮೆಸೇಜ್ ಹಾಕುತ್ತಿದ್ದಳು. ಏನೂ ತಿಳಿಯದೆ ತಿನ್ನುವವರಿಂದ ಪ್ರಕರಣ ಮುಗಿಯುವುದಿಲ್ಲವೆಂದು ನನಗೆ ನಿಧಾನವಾಗಿ ಅರ್ಥವಾಯಿತು. ಕೊನೆಗೆ ಮತ್ತೊಂದು ಡಬ್ಬಿ ತುಂಬುತ್ತಿದ್ದಾಗ ವಿಮಲ ಏನು ವಿಷಯ ಎಂದು ಹಿಡಿದು ಕೇಳಿದಳು. ಹೇಳಿದೆ. ಅವಳು ಬೈಯಲಿಲ್ಲ, ಕಾರಿನ ಕೀ ತೆಗೆದುಕೊಂಡಳು. ಹ್ಯೂಸ್ಟನ್ ದಾರಿಯುದ್ದಕ್ಕೂ ನಾನೊಂದು ಮಾತಾಡಲಿಲ್ಲ. ಮೈ ಹುಷಾರಿಲ್ಲವೇ ಎಂದು ಅವಳು ನಡುವೆ ಒಮ್ಮೆ ಕೇಳಿದಳು.

ಸೈಪ್ರೆಸ್‌ನಲ್ಲಿ ಊಟವಾದ ಮೇಲೆ ನಾನು ಫೋನ್ ಟೇಬಲ್ ಮೇಲಿಟ್ಟು ರೆಕಾರ್ಡಿಂಗ್ ಹಾಕಿದೆ. ಪೀಠಿಕೆ ಹಾಕಲು ಧೈರ್ಯವಿರಲಿಲ್ಲ. ಅಮ್ಮನ ಕೆಮ್ಮು ಕೇಳಿಸಿದ ಕೂಡಲೇ ಪಾವ್ಲು ಎದ್ದು ನಿಂತ. ಆಮೇಲೆ ಕುರ್ಚಿಯ ಸದ್ದು, ಉಸಿರು, ಆಮೇಲೆ ನಾನು. ಪಾವ್ಲು ಫೋನನ್ನು ಕೈಗೆ ತೆಗೆದುಕೊಂಡು ನಾನು ಬಾಯಿ ಹಾಕುವ ಮೊದಲಿನ ಆ ತುಣುಕನ್ನು ಮತ್ತೆ ಹಾಕಿದ, ಮತ್ತೆ ಹಾಕಿದ. ಅವನಮ್ಮನ ಹಾಗೆಯೇ ಕಣ್ಣು ಮುಚ್ಚಿ, ತುಟಿ ಅಲುಗಿಸಿದ. ಮಾತು ಸಿಗಲಿಲ್ಲ. ಅಮ್ಮ ಅದರ ಹತ್ತಿರಕ್ಕೆ ಬಂದಿದ್ದರು ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿ, ಫೋನ್ ಹಿಡಿದುಕೊಂಡೇ ಹಿತ್ತಲ ಬಾಗಿಲ ಬಳಿ ಹೋಗಿ ನಿಂತ. ಅಲ್ಲಿ ಹೊರಗೆ, ಮಾಡಿನ ಕೊಳವೆಯ ಕೆಳಗೆ, ಅವನು ಅಮ್ಮನಿಗಾಗಿ ತಂದಿಟ್ಟ ನೀಲಿ ಡ್ರಮ್ಮು ಇತ್ತು.

ಗಿರಿಜ ನನ್ನ ಕಡೆ ತಿರುಗಿದಳು.

"ನೀನು ನಡುವೆ ಬಾಯಿ ಹಾಕಿದ್ದಕ್ಕೆ ನನಗೆ ಅಷ್ಟು ಬೇಜಾರಿಲ್ಲ ಅಣ್ಣ. ನೀನು ಹೇಗೆ ಅಂತ ಗೊತ್ತಿದ್ದೂ ನಿನ್ನ ಕೈಗೆ ಕೊಟ್ಟೋಳು ನಾನು. ಆದ್ರೆ ರೆಕಾರ್ಡ್ ಆಗಿಲ್ಲ ಅಂದೆಯಲ್ಲ. ಇಷ್ಟು ದಿನ ಇವನು ಅಮ್ಮನ ದನಿ ಇನ್ನೆಲ್ಲೂ ಇಲ್ಲ ಅಂದ್ಕೊಂಡಿದ್ದ."

ಇದು ನನಗೆ ಹೊಳೆದೇ ಇರಲಿಲ್ಲ. ಇಷ್ಟು ದಿನ ನಾನು ಬಚ್ಚಿಟ್ಟಿದ್ದು ನನ್ನ ದನಿಯನ್ನು ಎಂದುಕೊಂಡಿದ್ದೆ. ನಾನು ಹೋಟೆಲಿನ ಅಭ್ಯಾಸದಿಂದ ಶುರು ಮಾಡಿದೆ. ಬೀಗರಿಗೆ ಮಾಡಬೇಕಾದ ಮರ್ಯಾದೆಗೆ ಬಂದೆ, ಆ ಫೋನು ಹಳೆಯದೆಂಬುದಕ್ಕೆ ಬಂದೆ, ಇನ್ನೂ ಎಲ್ಲೆಲ್ಲಿಗೆ ಹೋಗುತ್ತಿದ್ದೆನೋ. ವಿಮಲ ನನ್ನ ಮೊಣಕೈ ಹಿಡಿದಳು.

"ರೀ, ಅದೆಲ್ಲ ಕಾರಣ ಆಯ್ತು. ಅವಳು ಕಾರಣ ಕೇಳಿಲ್ಲ."

ಅರವತ್ತು ವರ್ಷ ಬಿಡುವಿಲ್ಲದೆ ಓಡಿದ ಬಾಯಿ, ಬೇಕಾದ ಹೊತ್ತಿಗೆ ಒಣಗಿಹೋಯಿತು. ಗಿರಿಜ ಕಾದಳು. ಅವಳಿಗೆ ಕಾಯುವುದು ಗೊತ್ತು. ಪಾವ್ಲು ಬಾಗಿಲ ಬಳಿಯಿಂದ ತಿರುಗಿ ನೋಡಿದ. ಅವನಿಗೂ ಅರ್ಥವಾಗುವಷ್ಟು ನಿಧಾನವಾಗಿ, ಮೊದಲು ಕನ್ನಡದಲ್ಲಿ, ಆಮೇಲೆ ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ:

"ಗಿರಿಜಾ, ನಿಮ್ಮತ್ತೆ ಮಾತಾಡೋಕೆ ಹೊರಟಿದ್ರು, ನಾನು ಬಿಡ್ಲಿಲ್ಲ. ಆಮೇಲೆ ನನ್ನ ಮರ್ಯಾದೆ ಉಳಿಸ್ಕೊಳ್ಳೋಕೆ ಅವರ ದನೀನ ಮಗನಿಂದ ಮುಚ್ಚಿಟ್ಟೆ. ತಪ್ಪು ನಂದು. ಇಬ್ಬರೂ ನನ್ನನ್ನ ಕ್ಷಮಿಸಿ."